ಶನಿಯ ಬಳೆ ಕಾಣೆಯಾದ ಕತೆ: ಪರದೆಗೆ ಪೋಸ್ಟರ್ ಮಾಡುವವರಿಗೆ

ನಮ್ಮ ಕಾಲೇಜಿನ ಮೆಟ್ಟಿಲ ಬುಡದಲ್ಲಿ 43 ಇಂಚಿನ ಒಂದು ಟೀವಿ ಇದೆ. ಪರೀಕ್ಷೆಯ ವೇಳಾಪಟ್ಟಿ, ಗೆದ್ದವರಿಗೆ ಅಭಿನಂದನೆ, ಫೀಸು ಕಟ್ಟುವ ಕೊನೆಯ ದಿನ, ಎಲ್ಲವೂ ಅದರಲ್ಲೇ ಸುತ್ತುತ್ತಿರುತ್ತವೆ. ಡಿಸೈನ್ ಓದಿನ ಎರಡನೇ ವರ್ಷದಲ್ಲಿ ನನ್ನ ಮೊದಲ ಪೋಸ್ಟರ್ ಅದರ ಮೇಲೆ ಬಂತು. ಅವತ್ತು ಎದುರಿನ ಬೆಂಚಿನಲ್ಲಿ ಕೂತು, ನನ್ನ ಸ್ಲೈಡ್ ಓಡುತ್ತಿರುವಾಗ ದಾಟಿದವರನ್ನಷ್ಟೇ ಎಣಿಸಿದೆ. 31 ಜನ ದಾಟಿದರು, ತಲೆ ಎತ್ತಿದ್ದು ಇಬ್ಬರು. ಅವರಲ್ಲೊಬ್ಬ ನನ್ನ ರೂಮ್‌ಮೇಟ್. ಅವನನ್ನು ನಾನೇ "ಹೋಗಿ ನೋಡೋ" ಅಂತ ಕಳಿಸಿದ್ದೆ.

ಆ ಪೋಸ್ಟರಿನಲ್ಲಿ ಏನಿರಲಿಲ್ಲ ಕೇಳಿ! ಖಗೋಳ ಕ್ಲಬ್ಬಿನವರು ಒಂದು ರಾತ್ರಿ ಟೆಲಿಸ್ಕೋಪ್ ಇಟ್ಟು ಶನಿ ಗ್ರಹ ತೋರಿಸುವವರಿದ್ದರು, ಅದಕ್ಕೆ ಮಾಡಿದ್ದು. ಹಿಂದೆ ನೇರಳೆ ಬಣ್ಣದ ನೀಹಾರಿಕೆಯ ಫೋಟೊ, ಅದರ ಮೇಲೆ ಗಿರಗಿರ ತಿರುಗುವ ಗ್ರಹ, ಹೊಳೆಯುವ ಅಕ್ಷರ, ಮೂಲೆಯಲ್ಲಿ ಮೂರು ಲೋಗೊ, ಕೆಳಗೆ ನಾಲ್ಕು ಸಾಲು ವಿವರ. ಲ್ಯಾಪ್‌ಟಾಪಿನಲ್ಲಿ ರಾತ್ರಿ 1 ಗಂಟೆಗೆ ನೋಡಿದಾಗ ಕಣ್ಣು ಕೋರೈಸುವ ಹಾಗಿತ್ತು. ಮೆಟ್ಟಿಲ ಬುಡದಲ್ಲಿ ಅದು ಗೋಡೆಗೆ ಅಂಟಿದ ಕಲೆಯಂತೆ ಕಂಡಿತು.

ಅದೇ ಕಾರ್ಯಕ್ರಮಕ್ಕೆ ಎರಡನೇ ಸಲ ಮಾಡಿದ ಪೋಸ್ಟರಿಗೆ ಅದೇ ಬೆಂಚಿನ ಲೆಕ್ಕದಲ್ಲಿ 28 ಜನರಲ್ಲಿ 11 ಜನ ತಲೆ ಎತ್ತಿದರು. ಇದನ್ನು ಸಂಶೋಧನೆ ಅಂತ ಕರೆಯುವುದಿಲ್ಲ, ಬೆಂಚಿನ ಲೆಕ್ಕ ಅಷ್ಟೇ. ಆದರೆ ಎರಡರ ನಡುವೆ ಏನು ಬದಲಾಯಿತು ಅನ್ನುವುದು ನನಗೆ ಚೆನ್ನಾಗಿ ಗೊತ್ತು. ಪರದೆಗೆ ಕೆಲಸ ಮಾಡುವುದನ್ನು ಈಗಷ್ಟೇ ಕಲಿಯುತ್ತಿರುವವರಿಗೆ ಉಪಯೋಗವಾದೀತು ಅಂತ ಬರೆಯುತ್ತಿದ್ದೇನೆ.

ಮೊದಲು ಬೆಂಚು, ಆಮೇಲೆ ಸಾಫ್ಟ್‌ವೇರ್

ಫೈಲ್ ತೆರೆಯುವ ಮುಂಚೆ ಪರದೆ ಇರುವ ಜಾಗಕ್ಕೆ ಹೋಗಿ. ನೋಡಿಕೊಂಡು ಬರಬೇಕಾದದ್ದು ಮೂರು: ಎಷ್ಟು ದೂರದಿಂದ ನೋಡುತ್ತಾರೆ, ಎಷ್ಟು ಹೊತ್ತು ನೋಡುತ್ತಾರೆ, ಅಕ್ಕಪಕ್ಕ ಏನಿದೆ.

ನಮ್ಮಲ್ಲಿ ಬಾಗಿಲಿನಿಂದ ಟೀವಿಗೆ 20 ಅಡಿ. ಸಾಮಾನ್ಯ ನಡಿಗೆಯಲ್ಲಿ ಅಷ್ಟು ದೂರಕ್ಕೆ 4ರಿಂದ 5 ಸೆಕೆಂಡು. ಟೀವಿಯಲ್ಲಿ 8 ಸ್ಲೈಡುಗಳು ಸುತ್ತುತ್ತಿದ್ದವು, ಒಂದೊಂದಕ್ಕೆ 12 ಸೆಕೆಂಡು. ಅಂದರೆ ಪೂರ್ತಿ ಒಂದು ಸುತ್ತಿಗೆ 96 ಸೆಕೆಂಡು, ಅದರಲ್ಲಿ ನನ್ನ ಪಾಲು 12. ನಡೆದು ಹೋಗುವವನು ನನ್ನ 12 ಸೆಕೆಂಡಿನಲ್ಲೂ ಹೆಚ್ಚೆಂದರೆ 4ರಿಂದ 5 ಸೆಕೆಂಡಿನ ತುಣುಕು ನೋಡುತ್ತಾನೆ. ಆ ತುಣುಕು ಯಾವುದು ಅನ್ನುವುದು ನನ್ನ ಕೈಯಲ್ಲಿಲ್ಲ. ನನ್ನ ಮೊದಲ ಪೋಸ್ಟರಿನಲ್ಲಿ ಕಾರ್ಯಕ್ರಮದ ಹೆಸರು 9ನೇ ಸೆಕೆಂಡಿನಲ್ಲಿ ಸಿನಿಮಾ ಟೈಟಲ್ ಥರ ತೇಲಿ ಬರುತ್ತಿತ್ತು! ಅದನ್ನು ನೋಡಬೇಕಾದರೆ ಯಾರಾದರೂ ಅಲ್ಲಿ ನಿಂತು ಕಾಯಬೇಕಿತ್ತು.

ಆದ್ದರಿಂದ ದಾರಿಹೋಕರ ಪರದೆಗೆ ಮಾಡುವಾಗ ಯಾವ ಕ್ಷಣದಲ್ಲಿ ಸ್ಕ್ರೀನ್‌ಶಾಟ್ ತೆಗೆದರೂ ವಿಷಯ ಅರ್ಥವಾಗಬೇಕು. ಟೈಮ್‌ಲೈನಿನಲ್ಲಿ ಕಣ್ಣು ಮುಚ್ಚಿ ಹತ್ತು ಕಡೆ ಕ್ಲಿಕ್ ಮಾಡಿ ನೋಡಿ. ಹತ್ತರಲ್ಲಿ ಒಂದು ಕಡೆ ಖಾಲಿ ಚೌಕಟ್ಟು ಬಂದರೂ ಆ ಹೊತ್ತಿನಲ್ಲಿ ದಾಟಿದವರೆಲ್ಲ ನಿಮ್ಮ ಕೈ ತಪ್ಪಿದರು.

ಇನ್ನು ಅಕ್ಕಪಕ್ಕ. ಉಳಿದ 7 ಸ್ಲೈಡುಗಳನ್ನು ಫೋನಿನಲ್ಲಿ ಫೋಟೊ ತೆಗೆದು ಒಂದೇ ಆರ್ಟ್‌ಬೋರ್ಡಿನಲ್ಲಿ (ಸಾಫ್ಟ್‌ವೇರಿನ ಖಾಲಿ ಹಾಳೆಯಲ್ಲಿ) ಸಾಲಾಗಿ ಇಟ್ಟೆ, ನಡುವೆ ನನ್ನದನ್ನೂ ಇಟ್ಟೆ. ಎಂಟರಲ್ಲಿ ನನ್ನದು ಯಾವುದು ಅಂತ ನನಗೇ ಒಂದು ಕ್ಷಣ ಗೊತ್ತಾಗಲಿಲ್ಲ. ಎಲ್ಲದರಲ್ಲೂ ಒಂದು ಬಣ್ಣ ಇನ್ನೊಂದಕ್ಕೆ ಕರಗುವ ಗ್ರೇಡಿಯೆಂಟು, ಎಲ್ಲದರಲ್ಲೂ ನೆರಳು ಬಿದ್ದ ಅಕ್ಷರ, ಎಲ್ಲದರಲ್ಲೂ ಮೂಲೆ ಲೋಗೊ. ಸದ್ದಿನ ಸಂತೆಯಲ್ಲಿ ನಾನೂ ಒಂದು ಕೂಗು ಹಾಕಿದ್ದೆ, ಅಷ್ಟೇ. ಒಂದೇ ಥರದವುಗಳ ನಡುವೆ ಬೇರೆಯಾಗಿರುವುದು ನೆನಪಿನಲ್ಲಿ ಹೆಚ್ಚು ಉಳಿಯುತ್ತದೆ ಅಂತ ಹೆಡ್ವಿಗ್ ಫಾನ್ ರೆಸ್ಟಾರ್ಫ್ ಎಂಬ ಮನಶ್ಶಾಸ್ತ್ರಜ್ಞೆ 1933ರಲ್ಲೇ ಪ್ರಯೋಗ ಮಾಡಿ ಬರೆದಿದ್ದರು. ಕ್ಲಾಸಿನಲ್ಲಿ ಇದನ್ನು ನೋಟ್ಸ್ ಮಾಡಿಕೊಂಡಿದ್ದೆ, ಪರೀಕ್ಷೆಗೂ ಬರೆದಿದ್ದೆ. ನನ್ನ ಪೋಸ್ಟರಿಗೆ ಅನ್ವಯಿಸುತ್ತದೆ ಅಂತ ಮಾತ್ರ ಹೊಳೆದಿರಲಿಲ್ಲ.

ಇದರ ಇನ್ನೊಂದು ಮುಖ ವೆಬ್‌ನಲ್ಲಿ ಸಿಗುತ್ತದೆ. 1994ರಲ್ಲಿ ವೆಬ್ ಪುಟಗಳಿಗೆ 468×60 ಪಿಕ್ಸೆಲ್ಲಿನ ಬ್ಯಾನರ್ ಜಾಹೀರಾತು ಬಂತು. 1998ರ ಹೊತ್ತಿಗೆ ಜನ ಬ್ಯಾನರಿನ ಹಾಗೆ ಕಾಣುವ ಎಲ್ಲವನ್ನೂ ಕಣ್ಣಿಂದ ದಾಟಿಸಿಬಿಡುತ್ತಾರೆ ಎಂಬುದಕ್ಕೆ 'ಬ್ಯಾನರ್ ಕುರುಡು' ಎಂಬ ಅರ್ಥದ ಹೆಸರೇ ಹುಟ್ಟಿಕೊಂಡಿತ್ತು. ತಮಾಷೆ ಏನೆಂದರೆ ದೊಡ್ಡದಾಗಿ, ಬಣ್ಣಬಣ್ಣವಾಗಿ, ಮಿನುಗುತ್ತಾ ಇರುವ ಮುಖ್ಯ ವಿಷಯವನ್ನೂ ಅವರು ಹಾಗೇ ದಾಟಿಸುತ್ತಾರೆ. 'ಜಾಹೀರಾತಿನ ಹಾಗಿದೆ' ಅಂತ ಕಣ್ಣು ತೀರ್ಮಾನಿಸಿದರೆ ಮುಗಿಯಿತು, ಇನ್ನಷ್ಟು ಮಿನುಗಿಸಿ ಪ್ರಯೋಜನವಿಲ್ಲ.

ಹೇಳುವುದು ಸಿಕ್ಕ ಮೇಲೆ ಕೈ ಹಾಕಿ

ಎರಡನೇ ಸಲ ನಾನು ಬಣ್ಣ ಹುಡುಕುವುದನ್ನು ಬಿಟ್ಟು ಖಗೋಳ ಕ್ಲಬ್ಬಿನ ಹುಡುಗಿಯ ಹತ್ತಿರ ಹೋದೆ. ನನ್ನ ಹಳೇ ಪೋಸ್ಟರ್ ತೋರಿಸಿದೆ. ಅವಳು ನೋಡಿದವಳೇ, "ಇದು ಸುಳ್ಳು" ಅಂದಳು.

"ಯಾಕೆ?"

"ಈ ವರ್ಷ ಶನಿಗೆ ಇಷ್ಟು ದೊಡ್ಡ ಬಳೆ ಕಾಣಲ್ಲ. ಬಂದೋರು ಟೆಲಿಸ್ಕೋಪಲ್ಲಿ ನೋಡಿ, ಪೋಸ್ಟರಲ್ಲಿದ್ದದ್ದು ಎಲ್ಲಿ ಅಂತ ನನ್ನ ಕೇಳ್ತಾರೆ."

ಆಮೇಲೆ ವಿವರಿಸಿದಳು. ಶನಿ ಸೂರ್ಯನನ್ನು ಒಂದು ಸುತ್ತು ಹಾಕಲು ಸುಮಾರು 29 ವರ್ಷ ಆರು ತಿಂಗಳು ಹಿಡಿಯುತ್ತದೆ. ಅದು ವಾಲಿಕೊಂಡೇ ಸುತ್ತುವುದರಿಂದ ಭೂಮಿಯಲ್ಲಿ ನಿಂತ ನಮಗೆ ಬಳೆ ಕೆಲವು ವರ್ಷ ಅಗಲವಾಗಿ, ಕೆಲವು ವರ್ಷ ಕಿರಿದಾಗಿ ಕಾಣುತ್ತದೆ. ಸುಮಾರು 15 ವರ್ಷಕ್ಕೊಮ್ಮೆ ನಾವು ಅದನ್ನು ನೇರ ಅಂಚಿನಿಂದ ನೋಡುತ್ತೇವೆ. 2025ರ ಮಾರ್ಚ್‌ನಲ್ಲಿ ಆದದ್ದು ಅದೇ, ಆ ನವೆಂಬರಿನಲ್ಲೂ ಬಳೆ ಬರೀ ಗೆರೆಯಷ್ಟಿತ್ತು. ಅಡ್ಡಗಲ 2,70,000 ಕಿಲೋಮೀಟರಿಗೂ ಹೆಚ್ಚಿರುವ ಬಳೆಯ ದಪ್ಪ ಹೆಚ್ಚಿನ ಕಡೆ ಬರೀ ಹತ್ತಾರು ಮೀಟರ್. ಅಂಚಿನಿಂದ ನೋಡಿದರೆ ಇದ್ದೂ ಇಲ್ಲದ ಹಾಗೆ.

"ಅಂದ್ರೆ ಬಳೆ ಕಾಣೆಯಾಗಿದೆ ಅನ್ನು," ಅಂದೆ ನಾನು, ಬೇಜಾರಿನಲ್ಲಿ.

ಪೋಸ್ಟರ್ ಅಲ್ಲೇ ಸಿಕ್ಕಿತ್ತು. ಶನಿಯ ಬಳೆ ಕಾಣೆಯಾಗಿದೆ. ನೋಡಿದವನಿಗೆ 'ಹೌದಾ? ಎಲ್ಲಿ ಹೋಯ್ತು?' ಅನ್ನಿಸಬೇಕು. ನನ್ನ ಮೊದಲ ತಲೆಬರಹ 'ಖಗೋಳ ವೀಕ್ಷಣಾ ರಾತ್ರಿ ಕಾರ್ಯಕ್ರಮ' ಅಂತಿತ್ತು. ಅದನ್ನು ಓದಿದವನಿಗೆ ಏನೂ ಅನ್ನಿಸುವುದಿಲ್ಲ, ಅದೊಂದು ಫೈಲಿನ ಹೆಸರು.

ನಾವು ಡಿಸೈನ್ ವಿದ್ಯಾರ್ಥಿಗಳು ಗಮನ ಸೆಳೆಯುವುದು ಅಂದಕೂಡಲೇ ಎಫೆಕ್ಟುಗಳ ಪಟ್ಟಿಗೆ ಓಡುತ್ತೇವೆ. ನನ್ನ ಅನುಭವದಲ್ಲಿ ಗಮನ ಹಿಡಿಯುವ ಒಳ್ಳೆಯ ಕೊಕ್ಕೆ ಯಾವಾಗಲೂ ವಿಷಯದ ಒಳಗೇ ಇರುತ್ತದೆ, ಮತ್ತು ಅದು ವಿಷಯ ಗೊತ್ತಿರುವವರ ಬಾಯಲ್ಲಿ ಇರುತ್ತದೆ. ಅವರನ್ನು ಒಂದೇ ಪ್ರಶ್ನೆ ಕೇಳಿ: "ಇದರಲ್ಲಿ ಜನ ತಪ್ಪು ತಿಳಿದಿರೋದು ಏನು?" ಉತ್ತರ ಬರೆದುಕೊಳ್ಳಿ. ಅರ್ಧ ಕೆಲಸ ಮುಗಿದಿರುತ್ತದೆ.

ಅವಳು ಇನ್ನೂ ಎರಡು ತಿದ್ದುಪಡಿ ಕೊಟ್ಟಳು. ಶನಿ ಚೆಂಡಿನ ಹಾಗೆ ಗುಂಡಗಿಲ್ಲ, ವೇಗವಾಗಿ ತಿರುಗುವುದರಿಂದ ಮೇಲೆ ಕೆಳಗೆ ಸುಮಾರು ಹತ್ತನೇ ಒಂದು ಭಾಗ ಚಪ್ಪಟೆಯಾಗಿದೆ. ಬಳೆಯ ಅಡ್ಡಗಲ ಗ್ರಹದ ಅಡ್ಡಗಲದ ಸುಮಾರು 2.27 ಪಟ್ಟು. ಹಾಗಾಗಿ ನನ್ನ ಗ್ರಹ 240×216 ಪಿಕ್ಸೆಲ್ಲಿನ ದೀರ್ಘವೃತ್ತ, ಅದನ್ನು ಅಡ್ಡಹಾಯುವ ಗೆರೆ 545 ಪಿಕ್ಸೆಲ್ ಉದ್ದ. ನೋಡುವವರಿಗೆ ಈ ಲೆಕ್ಕ ಗೊತ್ತಾಗುವುದಿಲ್ಲ, ನಿಜ. ಆದರೆ ಮೊದಲು ಕೈಗೆ ಬಂದಂತೆ ಎಳೆದ ಗೆರೆಯಲ್ಲಿ ಅದು ಪ್ರವೇಶ ನಿಷೇಧದ ಫಲಕದ ಹಾಗೆ ಕಾಣುತ್ತಿತ್ತು. ಅಳತೆ ಸರಿಯಾದಾಗ ಶನಿಯಾಯಿತು.

ಆಕಾರ ಗಟ್ಟಿಯಾಗಿದೆಯೋ ಇಲ್ಲವೋ ನೋಡಲು ನಮ್ಮ ಮೇಡಂ ಹೇಳಿಕೊಟ್ಟ ಉಪಾಯ: ಮುಖ್ಯ ಚಿತ್ರವನ್ನು 32×32 ಚೌಕಗಳ ಗ್ರಾಫ್ ಹಾಳೆಯಲ್ಲಿ, ಚೌಕ ತುಂಬಿಸಿ ಬಿಡಿಸುವುದು. 1984ರ ಮ್ಯಾಕಿಂಟಾಷ್ ಕಂಪ್ಯೂಟರಿನ ಐಕಾನುಗಳನ್ನು ಸೂಸಾನ್ ಕೇರ್ ಮಾಡಿದ್ದು ಹಾಗೆಯೇ, ಗ್ರಾಫ್ ಹಾಳೆಯ ಮೇಲೆ, ಕಪ್ಪು ಬಿಳುಪಿನಲ್ಲಿ. ಅಷ್ಟು ಕಡಿಮೆ ಚೌಕದಲ್ಲಿ ಗುರುತು ಸಿಕ್ಕರೆ ದೂರದ ಟೀವಿಯಲ್ಲೂ ಸಿಗುತ್ತದೆ. ನನ್ನ ನೀಹಾರಿಕೆ 32 ಚೌಕದಲ್ಲಿ ಬೂಸ್ಟು ಹಿಡಿದ ಹಾಗೆ ಬಂತು.

ಅಕ್ಷರದ ಕೆಲಸ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗುತ್ತೇನೆ, ಯಾಕೆಂದರೆ ನಾವು ನೋಡುವ ಪಾಠದ ವೀಡಿಯೋಗಳೆಲ್ಲ ಇಂಗ್ಲಿಷ್ ಅಕ್ಷರಕ್ಕೆ ಮಾಡಿದವು.

ಫಲಕ ಮಾಡುವವರಲ್ಲಿ ಒಂದು ರೂಢಿ ಲೆಕ್ಕ ಇದೆ: 10 ಅಡಿ ದೂರಕ್ಕೆ 1 ಇಂಚು ಎತ್ತರದ ಅಕ್ಷರ. 43 ಇಂಚಿನ ಟೀವಿಯ ಎತ್ತರ ಸುಮಾರು 21 ಇಂಚು, ಅದರಲ್ಲಿ 1080 ಪಿಕ್ಸೆಲ್. ಅಂದರೆ ಒಂದು ಇಂಚಿಗೆ 51 ಪಿಕ್ಸೆಲ್. 20 ಅಡಿಗೆ 2 ಇಂಚು, ಅಂದರೆ 102 ಪಿಕ್ಸೆಲ್. ಇದು ಫಾಂಟ್ ಸೈಜ್ ಅಲ್ಲ, 'ಶ' ಅಕ್ಷರದ ಮೈ ಪರದೆಯ ಮೇಲೆ ನಿಜವಾಗಿ ಇರಬೇಕಾದ ಎತ್ತರ. ಫಾಂಟ್ ಸೈಜ್ ಅದಕ್ಕಿಂತ ಎಷ್ಟೋ ದೊಡ್ಡದಾಗುತ್ತದೆ. ಕನ್ನಡದ ಅಕ್ಷರಗಳ ಒಳಗೆ ಸಣ್ಣ ಸಣ್ಣ ಸುಳಿ ಜಾಸ್ತಿ ಇರುವುದರಿಂದ ನಾನು 102ಕ್ಕೆ ನಿಲ್ಲಿಸದೆ 140ಕ್ಕೆ ಹೋದೆ.

ನಮ್ಮಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಇಲ್ಲ. ಇಂಗ್ಲಿಷ್ ಪೋಸ್ಟರಿನಲ್ಲಿ ಎಲ್ಲವನ್ನೂ ದೊಡ್ಡಕ್ಷರ ಮಾಡಿ ಕೂಗಿಸಬಹುದು. ನಮಗೆ ಉಳಿದದ್ದು ಗಾತ್ರ, ದಪ್ಪ, ಬಣ್ಣ, ಖಾಲಿ ಜಾಗ. ಅಕ್ಷರಗಳ ನಡುವೆ ಜಾಗ ಎಳೆದು ಸೊಗಸು ಮಾಡುವ ಇಂಗ್ಲಿಷ್ ಅಭ್ಯಾಸವೂ ಇಲ್ಲಿ ಕೈಕೊಡುತ್ತದೆ. ಅರ್ಕಾವತ್ತು ತನ್ನ ಅಕ್ಷರ ಬಿಟ್ಟು ದೂರ ಸರಿದು ಅನಾಥವಾಗಿ ನಿಂತಿರುವುದನ್ನು ಎಷ್ಟೋ ಪೋಸ್ಟರಿನಲ್ಲಿ ನೋಡಿದ್ದೇನೆ.

ಒತ್ತಕ್ಷರದ ಲೆಕ್ಕ ಬೇರೆ. 'ಖಗೋಳ ವೀಕ್ಷಣಾ ರಾತ್ರಿ ಕಾರ್ಯಕ್ರಮ' ಅನ್ನುವುದರಲ್ಲಿ ಮೂರು ಒತ್ತು ಕೆಳಗೆ ನೇತಾಡುತ್ತವೆ, ಒಂದು ಅರ್ಕಾವತ್ತು ಪಕ್ಕಕ್ಕೆ ಕೂರುತ್ತದೆ. ಎರಡು ಸಾಲು ಮಾಡಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ತಾಗದಿರಲಿ ಅಂತ ಸಾಲಿನ ನಡುವೆ ಜಾಗ ಬಿಟ್ಟರೆ ತಲೆಬರಹ ಸಡಿಲವಾಗುತ್ತದೆ. 'ಶನಿಯ ಬಳೆ ಕಾಣೆಯಾಗಿದೆ' ಓದಿ ನೋಡಿ, ಒಂದೂ ಒತ್ತಿಲ್ಲ. ಇದು ನಾನು ಜಾಣತನದಿಂದ ಮಾಡಿದ್ದಲ್ಲ, ಹಾಗೇ ಬಂತು. ಆದರೆ ಅದರ ಲಾಭ ಕಂಡ ಮೇಲೆ ತಲೆಬರಹ ಬರೆಯುವಾಗ ಒತ್ತು ಎಣಿಸುವುದು ಅಭ್ಯಾಸವಾಗಿದೆ. 'ಉಂಗುರ' ಅನ್ನಲೋ 'ಬಳೆ' ಅನ್ನಲೋ ಅಂತಲೂ ಒಂದು ಸಂಜೆ ಯೋಚಿಸಿದೆ, ಎರಡೂ ಬಳಕೆಯಲ್ಲಿವೆ. 'ಬಳೆ' ಎರಡೇ ಅಕ್ಷರ, ಅದನ್ನು ಇನ್ನಷ್ಟು ದೊಡ್ಡದು ಮಾಡಬಹುದು. ಬಳೆಯೇ ಗೆದ್ದಿತು. ತಲೆಬರಹದ ಕೆಳಗಿನ ಮೈ ಬರಹಕ್ಕೆ ಮಾತ್ರ ಒತ್ತು ತಪ್ಪಿಸಲು ಆಗುವುದಿಲ್ಲ, ಅಲ್ಲಿ ಸಾಲಿನ ಅಂತರ ಫಾಂಟ್ ಸೈಜಿನ 1.5 ಪಟ್ಟಿಗಿಂತ ಕಡಿಮೆ ಇಡಬೇಡಿ.

ಸಾಫ್ಟ್‌ವೇರಿನ ವಿಷಯಕ್ಕೆ ಒಂದು ಎಚ್ಚರಿಕೆ. ಫೋಟೊಶಾಪ್, ಇಲ್ಲಸ್ಟ್ರೇಟರಿನಲ್ಲಿ ಕನ್ನಡ ಟೈಪ್ ಮಾಡಿ ಒತ್ತು ಬಿಡಿಬಿಡಿಯಾಗಿ ಬಂದರೆ ಫಾಂಟನ್ನು ಬೈಯುವ ಮುಂಚೆ ಪ್ಯಾರಾಗ್ರಾಫ್ ಸೆಟ್ಟಿಂಗಿನಲ್ಲಿ ವರ್ಲ್ಡ್-ರೆಡಿ ಲೇಔಟ್ ಅಥವಾ ವರ್ಲ್ಡ್-ರೆಡಿ ಕಂಪೋಸರ್ ಆನ್ ಆಗಿದೆಯಾ ನೋಡಿ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಕಡತ ಯಾರಾದರೂ ಕೊಟ್ಟರೆ ಮೊದಲು ಯೂನಿಕೋಡಿಗೆ ಬದಲಿಸಿಕೊಳ್ಳಿ, ಇಲ್ಲದಿದ್ದರೆ ಫಾಂಟ್ ಬದಲಿಸಿದ ಕೂಡಲೇ ಗೊಜ್ಜಾಗುತ್ತದೆ. ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ, ಅನೇಕ್ ಕನ್ನಡ ಇವೆಲ್ಲ ಯೂನಿಕೋಡ್ ಫಾಂಟುಗಳು, ಉಚಿತ. ಅನೇಕ್‌ನಲ್ಲಿ ದಪ್ಪ ಮಾತ್ರವಲ್ಲದೆ ಅಗಲವನ್ನೂ ಹೆಚ್ಚುಕಡಿಮೆ ಮಾಡಬಹುದಾದ್ದರಿಂದ ತಲೆಬರಹಕ್ಕೆ ನನಗೆ ಅದೇ ಹೆಚ್ಚು ಸಲ ಒದಗಿದೆ.

ಅಕ್ಷರಗಳು ಒಂದೊಂದಾಗಿ ಮೂಡುವ ಅನಿಮೇಶನ್ ಬೇಕು ಅನ್ನಿಸಿದರೆ 'ಸ್ತ್ರೀ' ಅಂತ ಟೈಪ್ ಮಾಡಿ ಪರೀಕ್ಷಿಸಿ. ನಮಗೆ ಅದು ಒಂದು ಅಕ್ಷರ, ಯೂನಿಕೋಡಿಗೆ 6 ಸಂಕೇತ. ಕೆಲವು ಎಫೆಕ್ಟುಗಳು ಆ ಆರನ್ನೂ ಒಂದೊಂದಾಗಿ ತೋರಿಸಲು ಹೋಗಿ 'ಸ', 'ಸ್', 'ಸ್ತ' ಅಂತ ತೊದಲುತ್ತವೆ. ಪದ ಪದವಾಗಿ ಮೂಡಿಸಿ, ತೊಂದರೆ ಇಲ್ಲ.

ಬಣ್ಣ

ನನ್ನ ಮೊದಲ ಪೋಸ್ಟರಿನ ಅಕ್ಷರ ಯಾಕೆ ಸತ್ತಿತ್ತು ಅನ್ನುವುದಕ್ಕೆ ಒಂದು ಅಳತೆ ಸಿಕ್ಕಿತು. ವೆಬ್ ಎಲ್ಲರಿಗೂ ಎಟುಕುವಂತಿರಬೇಕು ಎಂಬುದಕ್ಕೆ, ವೆಬ್‌ನ ಮಾನದಂಡ ರೂಪಿಸುವ ಸಂಸ್ಥೆ ಡಬ್ಲ್ಯು3ಸಿ ಮಾಡಿರುವ ನಿಯಮಗಳಲ್ಲಿ ಅಕ್ಷರಕ್ಕೂ ಹಿನ್ನೆಲೆಗೂ ನಡುವಿನ ಬೆಳಕಿನ ಅಂತರ ಸಾಮಾನ್ಯ ಬರಹಕ್ಕೆ ಕನಿಷ್ಠ 4.5:1, ದೊಡ್ಡ ಬರಹಕ್ಕೆ 3:1 ಇರಬೇಕು ಅಂತಿದೆ. ಕಪ್ಪು ಬಿಳುಪಿನ ನಡುವೆ ಅದು 21:1. ಶುದ್ಧ ನೀಲಿಯನ್ನು ಕಪ್ಪಿನ ಮೇಲಿಟ್ಟರೆ ಬರೀ 2.44:1, ಕೆಂಪನ್ನು ನೀಲಿಯ ಮೇಲಿಟ್ಟರೆ 2.15:1. ಕೆಂಪು ನೀಲಿ ಎರಡೂ ಗಾಢ ಬಣ್ಣಗಳು, ಕೂಗುವ ಬಣ್ಣಗಳು ಅಂತ ನಾವು ಅಂದುಕೊಂಡಿರುತ್ತೇವೆ. ಆದರೆ ಪರದೆಯ ಬೆಳಕಿನ ಲೆಕ್ಕದಲ್ಲಿ ಹಸಿರಿನ ಪಾಲು ಸುಮಾರು 72%, ಕೆಂಪಿನದು 21%, ನೀಲಿಯದು ಬರೀ 7%. ನನ್ನ ನೇರಳೆಯ ಮೇಲಿನ ನೀಲಿ ಹೊಳಪಿಗೆ ಎಲ್ಲಿಂದ ಜೀವ ಬರಬೇಕು?

ಉಚಿತ ಕಾಂಟ್ರಾಸ್ಟ್ ಚೆಕರ್‌ಗಳು ಬೇಕಾದಷ್ಟಿವೆ. ಅದೂ ಬೇಡದಿದ್ದರೆ ಪೋಸ್ಟರನ್ನು ಗ್ರೇಸ್ಕೇಲ್ (ಬರೀ ಕಪ್ಪು, ಬಿಳಿ, ಬೂದು) ಮಾಡಿ ಕಣ್ಣು ಕಿರಿದು ಮಾಡಿ ನೋಡಿ. ಆಗಲೂ ಮೊದಲು ಕಾಣಬೇಕಾದದ್ದೇ ಮೊದಲು ಕಂಡರೆ ಸಾಕು. ಕೆಂಪು ಹಸಿರು ಬೇರೆಬೇರೆಯಾಗಿ ಕಾಣದವರಿಗೂ ನಿಮ್ಮ ಪೋಸ್ಟರ್ ತಲುಪುತ್ತದೆ.

ನಾನು ಕಡೆಗೆ ಆರಿಸಿದ್ದು: ಪೂರ್ತಿ ಕಪ್ಪು, ಬಿಳಿ ಅಕ್ಷರ, ತಿಳಿ ಹಳದಿ ಗ್ರಹ. ಅಷ್ಟೇ. ಏಳು ಬಣ್ಣಬಣ್ಣದ ಸ್ಲೈಡುಗಳ ನಡುವೆ ಟೀವಿ ಆರಿಹೋಯಿತೇನೋ ಅನ್ನಿಸುವ ಒಂದು ಕಪ್ಪು ಸ್ಲೈಡು. ಕಾರಿಡಾರಿನ ಬೆಳಕೇ ಒಮ್ಮೆ ಬದಲಾದ ಹಾಗಾಗುತ್ತಿತ್ತು. ತಲೆ ಎತ್ತಿದವರಲ್ಲಿ ಕೆಲವರು ಬಹುಶಃ ಅದಕ್ಕೇ ಎತ್ತಿದ್ದು, ಪರವಾಗಿಲ್ಲ. ಎತ್ತಿದ ಮೇಲೆ ಓದಿದರಲ್ಲ.

ಚಲನೆ

ಕೈ ಚಾಚಿ ಹೆಬ್ಬೆರಳ ಉಗುರು ನೋಡಿ. ಕಣ್ಣಿಗೆ ಒಂದು ಸಲಕ್ಕೆ ಅತಿ ಸ್ಪಷ್ಟವಾಗಿ ಕಾಣುವುದು ಹೆಚ್ಚುಕಡಿಮೆ ಅಷ್ಟೇ ಜಾಗ, ಸುಮಾರು 2 ಡಿಗ್ರಿ. ಉಳಿದದ್ದೆಲ್ಲ ಮಸುಕು. ಆ ಮಸುಕಿನ ಅಂಚಿನಲ್ಲೂ ಕಣ್ಣು ಚೆನ್ನಾಗಿ ಹಿಡಿಯುವುದು ಚಲನೆಯನ್ನು. ಅದರಲ್ಲೂ ಸುಮ್ಮನಿದ್ದದ್ದು ಅಲುಗಲು ಶುರುವಾಗುವ ಕ್ಷಣವನ್ನು. ನಿಲ್ಲದೆ ತಿರುಗುತ್ತಲೇ ಇರುವ ಫ್ಯಾನನ್ನು ನಾವು ಮರೆತಿರುತ್ತೇವೆ, ಕರೆಂಟ್ ಬಂದು ಅದು ತಿರುಗಲು ಶುರುವಾದಾಗ ತಲೆ ಎತ್ತುತ್ತೇವೆ. ನನ್ನ ಮೊದಲ ಗ್ರಹ ಆ ಫ್ಯಾನಿನ ಥರ 12 ಸೆಕೆಂಡೂ ತಿರುಗುತ್ತಿತ್ತು.

ಹೊಸದರಲ್ಲಿ ಅಲುಗುವುದು ಬಳೆ ಒಂದೇ, ಅಕ್ಷರ ಇದ್ದಲ್ಲೇ ಇರುತ್ತದೆ. 4 ಸೆಕೆಂಡಿನ ಒಂದು ಆವರ್ತ, ಹಾಗೆ ಮೂರು. ಬಳೆ ಅಗಲವಾಗಿ ತೆರೆದು 0.6 ಸೆಕೆಂಡು ಸುಮ್ಮನಿರುತ್ತದೆ, 1.2 ಸೆಕೆಂಡಿನಲ್ಲಿ ವಾಲುತ್ತಾ ವಾಲುತ್ತಾ ಗೆರೆಯಾಗುತ್ತದೆ, 1.6 ಸೆಕೆಂಡು ಗೆರೆಯಾಗಿಯೇ ಇರುತ್ತದೆ, 0.6 ಸೆಕೆಂಡಿನಲ್ಲಿ ಮತ್ತೆ ತೆರೆಯುತ್ತದೆ. 4 ಸೆಕೆಂಡು ನೋಡಿದವನ ಕಣ್ಣಿಗೆ ಬಳೆ ಅಲುಗಲು ಶುರುವಾಗುವ ಕ್ಷಣ ಬಿದ್ದೇ ಬೀಳುತ್ತದೆ. ಹಿಂದಿರುಗುವುದು ಬೇಗ, ಮುಚ್ಚಿಕೊಳ್ಳುವುದು ನಿಧಾನ. ಕತೆ ಇರುವುದು ಮುಚ್ಚಿಕೊಳ್ಳುವುದರಲ್ಲಿ.

ಮೊದಲ ಸಲ ಎರಡು ಕೀಫ್ರೇಮ್ (ಚಲನೆ ಎಲ್ಲಿ ಶುರು, ಎಲ್ಲಿ ಕೊನೆ ಅನ್ನುವ ಗುರುತು) ಹಾಕಿ ಪ್ಲೇ ಮಾಡಿದಾಗ ಬಳೆ ಲಿಫ್ಟಿನ ಬಾಗಿಲ ಹಾಗೆ ಒಂದೇ ವೇಗದಲ್ಲಿ ಮುಚ್ಚಿತು. ಸತ್ತ ಚಲನೆ. ಈಸ್ ಹಾಕಿದೆ, ಅಂದರೆ ನಿಧಾನ ಶುರು, ನಡುವೆ ವೇಗ, ನಿಧಾನ ನಿಲುಗಡೆ. ಗ್ರಾಫ್ ಎಡಿಟರಿನಲ್ಲಿ ಕೊನೆಯ ಹಿಡಿಯನ್ನು ಉದ್ದ ಎಳೆದು ಕೊನೆಯ ಹತ್ತು ಫ್ರೇಮಿನಲ್ಲಿ ಬಹುತೇಕ ನಿಂತೇಹೋಯಿತು ಅನ್ನುವಷ್ಟು ನಿಧಾನ ಮಾಡಿದೆ. ಆಗ ಅದಕ್ಕೆ ತೂಕ ಬಂತು. ರೆಡಿಮೇಡ್ ಈಸ್ ಒತ್ತಿ ಬಿಟ್ಟುಬಿಡಬೇಡಿ, ಆ ಗೆರೆಯನ್ನು ಕೈಯಲ್ಲಿ ಎಳೆದು ನೋಡಿ. ಚಲನೆಯ ರುಚಿ ಎಲ್ಲಾ ಆ ಬಾಗಿನಲ್ಲಿದೆ.

ಗೆರೆಯ ದಪ್ಪಕ್ಕೂ ಲೆಕ್ಕ ಬೇಕಾಯಿತು. ನೆಟ್ಟಗಿರುವ ಕಣ್ಣಿಗೆ ಬಿಡಿಸಿ ಕಾಣುವ ಮಿತಿ ಸುಮಾರು ಒಂದು ಡಿಗ್ರಿಯ 60ನೇ ಭಾಗ. 20 ಅಡಿಯಲ್ಲಿ ಅದು ಹತ್ತಿರಹತ್ತಿರ 1.8 ಮಿ.ಮೀ., ನಮ್ಮ ಟೀವಿಯಲ್ಲಿ 3ರಿಂದ 4 ಪಿಕ್ಸೆಲ್. ಮಾನಿಟರಿನಲ್ಲಿ 2 ಪಿಕ್ಸೆಲ್ ಗೆರೆ ಬಹಳ ನಾಜೂಕಾಗಿ ಕಂಡಿತ್ತು, 6 ಮಾಡಿದೆ.

ಮಿನುಗಿಸುವ ಆಸೆ ಎಲ್ಲರಿಗೂ ಬರುತ್ತದೆ, ನನಗೂ ಬಂತು. ಮೇಡಂ ನಿಲ್ಲಿಸಿದರು. 1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಒಂದು ಕಾರ್ಟೂನಿನ ಕಂತಿನಲ್ಲಿ ಕೆಂಪು ನೀಲಿ ಬೆಳಕು ಪಟಪಟನೆ ಮಿನುಗಿ 600ಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು, ಹೆಚ್ಚಿನವರು ಮಕ್ಕಳು. ಒಂದು ಸೆಕೆಂಡಿನಲ್ಲಿ ಮೂರಕ್ಕಿಂತ ಹೆಚ್ಚು ಸಲ ಮಿನುಗಬಾರದು ಅನ್ನುವುದು ಡಬ್ಲ್ಯು3ಸಿಯ ನಿಯಮ. ನಾನಂತೂ ಒಂದನ್ನೂ ಇಡುವುದಿಲ್ಲ. ವೆಬ್ ಪುಟಕ್ಕೆ ಮಾಡುವಾಗ ಇನ್ನೊಂದು: ತಾನಾಗಿ ಶುರುವಾಗಿ 5 ಸೆಕೆಂಡಿಗಿಂತ ಹೆಚ್ಚು ಅಲುಗುವುದಕ್ಕೆ ನಿಲ್ಲಿಸುವ ಗುಂಡಿ ಇರಬೇಕು. ಫೋನಿನ ಸೆಟ್ಟಿಂಗಿನಲ್ಲಿ ಚಲನೆ ಕಡಿಮೆ ಮಾಡಿ ಅಂತ ಕೇಳಿಕೊಂಡವರಿಗೆ ನಿಂತ ಚಿತ್ರವನ್ನೇ ತೋರಿಸಬೇಕು.

ಫೋನಿಗೆ ಮತ್ತೆ ಮಾಡಬೇಕು

ಟೀವಿಯದನ್ನು ಕತ್ತರಿಸಿ ಫೋನಿಗೆ ಹಾಕಿದರೆ ಆಗುವುದಿಲ್ಲ, ಇದನ್ನು ನಾನು ಎರಡು ಸಲ ಕಲಿತೆ. 1080×1350ರ ಆರ್ಟ್‌ಬೋರ್ಡ್ ಲ್ಯಾಪ್‌ಟಾಪಿನಲ್ಲಿ ದೊಡ್ಡದು. ಫೋನಿನಲ್ಲಿ ಆ 1080 ಪಿಕ್ಸೆಲ್ ಕೂರುವುದು ಸುಮಾರು 67 ಮಿ.ಮೀ. ಅಗಲದಲ್ಲಿ, ಅಂದರೆ ಒಂದು ಮಿ.ಮೀ.ಗೆ 16 ಪಿಕ್ಸೆಲ್. ನೀವು ಇಟ್ಟ 24 ಪಿಕ್ಸೆಲ್ಲಿನ ಸಾಲು ಅಲ್ಲಿ ಒಂದೂವರೆ ಮಿ.ಮೀ. ನಾನು 44ಕ್ಕಿಂತ ಕಡಿಮೆ ಏನನ್ನೂ ಇಡುವುದಿಲ್ಲ. ಅಷ್ಟರಲ್ಲಿ ಹಿಡಿಸದ ವಿವರ ಚಿತ್ರದಲ್ಲಿ ಇರಬೇಕಾದದ್ದಲ್ಲ, ಕೆಳಗಿನ ಬರಹಕ್ಕೆ ಹೋಗಲಿ. ವೀಡಿಯೋ ಆದರೆ ಸದ್ದಿಲ್ಲದೆ ಓಡುತ್ತದೆ ಅಂದುಕೊಂಡೇ ಮಾಡಿ, ಮೊದಲ ಫ್ರೇಮ್ ಒಂದೇ ನೋಡಿದರೂ ವಿಷಯ ಗೊತ್ತಾಗುವಂತಿರಲಿ. ಒತ್ತಬೇಕಾದ ಗುಂಡಿ ಇದ್ದರೆ ಆಪಲ್ ಹೇಳುವ ಅಳತೆ ಕನಿಷ್ಠ 44 ಪಾಯಿಂಟ್, ಆಂಡ್ರಾಯ್ಡಿನಲ್ಲಿ 48 ಡಿಪಿ (ಯಾವ ಪರದೆಯಲ್ಲೂ ಹೆಚ್ಚುಕಡಿಮೆ ಒಂದೇ ಗಾತ್ರ ಕಾಣುವ ಅಳತೆ).

ಫೋನಿನ ಆವೃತ್ತಿಯಲ್ಲಿ ನಾನು ಗ್ರಹವನ್ನು ಮೇಲಿನ ತುದಿಯಿಂದ ಅರ್ಧ ಕತ್ತರಿಸಿ, ಗೆರೆಯನ್ನು ಅಂಚಿನಿಂದ ಅಂಚಿಗೆ ಹಾಯಿಸಿದೆ. ಬೆರಳು ಸರಿಸುತ್ತಾ ಬರುವವರಿಗೆ ಪರದೆ ಒಡೆದ ಹಾಗೆ ಒಂದು ಕ್ಷಣ ಅನ್ನಿಸುತ್ತದೆ. ಸ್ವಲ್ಪ ಕಿಡಿಗೇಡಿತನ, ಒಪ್ಪುತ್ತೇನೆ. 2.27 ಪಟ್ಟಿನ ಅಳತೆಯೂ ಕೆಟ್ಟಿತು. ಖಗೋಳ ಕ್ಲಬ್ಬಿನ ಹುಡುಗಿ ಅದನ್ನೂ ಗಮನಿಸಿದಳು.

ಕೈಗೆ ಕೊಡುವಾಗ

ಗೆಳೆಯರಿಗೆ ತೋರಿಸಿ "ಹೇಗಿದೆ?" ಅಂತ ಕೇಳಿದರೆ "ಸೂಪರ್" ಅನ್ನುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ. ಎರಡು ಸೆಕೆಂಡು ತೋರಿಸಿ ಫೋನ್ ತಿರುಗಿಸಿ ಇಟ್ಟು "ಏನಿತ್ತು?" ಅಂತ ಕೇಳಿ. "ಶನಿದು ಏನೋ ಕಳೆದೋಗಿದೆಯಂತೆ" ಅಂದರು ನನ್ನ ರೂಮ್‌ಮೇಟಿನ ಅಮ್ಮ, ವೀಡಿಯೋ ಕಾಲಿನಲ್ಲಿ. ನನಗೆ ಅಷ್ಟು ಸಾಕಿತ್ತು.

ಕೆಲವು ಟೀವಿಗಳು ಚಿತ್ರದ ನಾಲ್ಕೂ ಅಂಚನ್ನು ಸ್ವಲ್ಪ ನುಂಗುತ್ತವೆ. ನಮ್ಮದು ದಿನಾಂಕದ ಕೊನೆಯ ಅಂಕಿ ನುಂಗಿತ್ತು. ಎಲ್ಲಾ ಕಡೆ 5% ಬಿಟ್ಟು ಒಳಗೆ ಬರೆಯಿರಿ. ಕಪ್ಪಿನಿಂದ ಬೂದಿಗೆ ಇಳಿಯುವ ನುಣುಪಾದ ಗ್ರೇಡಿಯೆಂಟ್ ವೀಡಿಯೋ ಆದಮೇಲೆ ಮೆಟ್ಟಿಲು ಮೆಟ್ಟಿಲಾಗಿ ಪಟ್ಟೆ ಹೊಡೆಯುತ್ತದೆ. ಅದರ ಮೇಲೆ ತೀರಾ ಸಣ್ಣಗೆ ನಾಯ್ಸ್ (ಮರಳಿನಂಥ ಚುಕ್ಕಿ) ಉದುರಿಸಿದರೆ ಪಟ್ಟೆ ಕರಗುತ್ತದೆ. ಜಿಫ್ ಮಾಡಿದರೆ ಒಂದು ಫ್ರೇಮಿಗೆ 256 ಬಣ್ಣವಷ್ಟೇ ಸಿಗುತ್ತವೆ, ಇನ್ನೂ ಕಷ್ಟ. ನಮ್ಮ ಟೀವಿ ಒಂದು ಸ್ಲೈಡಿನಿಂದ ಇನ್ನೊಂದಕ್ಕೆ ಹೋಗುವಾಗ ಅರ್ಧ ಸೆಕೆಂಡು ಕಪ್ಪಾಗುತ್ತಿತ್ತು. ಬಿಳಿ ಹಿನ್ನೆಲೆಯವರ ಸ್ಲೈಡು ಟಪ್ ಅಂತ ಕಣ್ಣಿಗೆ ಹೊಡೆಯುತ್ತಿತ್ತು, ನನ್ನದು ಹೇಗೂ ಕಪ್ಪು, ಆ ಕತ್ತಲಿನಿಂದಲೇ ಹುಟ್ಟಿದ ಹಾಗೆ ಬಂತು. ಇದೂ ನನ್ನ ಜಾಣತನವಲ್ಲ, ಆದರೆ ಮುಂದಿನ ಸಲ ಅಂತ ಬರೆದಿಟ್ಟುಕೊಂಡೆ.

ಮತ್ತೆ, ಪೆನ್‌ಡ್ರೈವ್ ಕೊಡುವಾಗಲೇ ಸ್ಲೈಡ್ ಯಾವ ದಿನ ತೆಗೆಯಬೇಕು ಅಂತ ಚೀಟಿ ಬರೆದು ಜೊತೆಗೆ ಕೊಡಿ. ನಾನು ಕೊಡಲಿಲ್ಲ. ಕಾರ್ಯಕ್ರಮ ಮುಗಿದು ಎರಡು ವಾರವಾದರೂ ಕಪ್ಪು ಸ್ಲೈಡು ಸುತ್ತುತ್ತಲೇ ಇತ್ತು. ಒಂದು ಬೆಳಿಗ್ಗೆ ಟೀವಿ ಹಾಕುವ ಅಟೆಂಡರ್ ಅಣ್ಣ ಮೆಟ್ಟಿಲ ಹತ್ತಿರ ನನ್ನನ್ನು ನಿಲ್ಲಿಸಿ ಕೇಳಿದರು: "ಏನಪ್ಪಾ, ಬಳೆ ಇನ್ನೂ ಸಿಕ್ಕಿಲ್ವಾ?"